ಅಟ್ಟದ ಮೇಲಿನ ಕೋವಿ

ಕಳೆದ ತಿಂಗಳು ಟೆಕ್ಸಾಸಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಪತ್ರ ಬಂದಿತು. ಅಲ್ಲಿನ ಪೌರತ್ವ ಪಡೆದ ಮೇಲೆ ಮೊದಲ ಬಾರಿಗೆ ಅವನನ್ನು ಪಂಚರ ಮಂಡಳಿಯ ಆಯ್ಕೆಗಾಗಿ ನ್ಯಾಯಾಲಯಕ್ಕೆ ಕರೆಸಿದ್ದರಂತೆ. ಕೊನೆಗೆ ಆಯ್ಕೆಯಾಗದೆ ಮನೆಗೆ ಮರಳಿದನಾದರೂ, ಆ ಮೊಕದ್ದಮೆ ಅವನ ತಲೆಯಲ್ಲಿ ಉಳಿದುಬಿಟ್ಟಿದೆ. ಆಪಾದಿತ ಯಾರನ್ನೂ ಕೊಂದಿರಲಿಲ್ಲ, ಹೆದರಿಸಿರಲಿಲ್ಲ. ಅನೇಕ ವರ್ಷಗಳ ಹಿಂದೆ ಒಂದು ಅಪರಾಧಕ್ಕೆ ಶಿಕ್ಷೆ ಅನುಭವಿಸಿದ್ದ. ಈಗ ಅವನ ಕಾರಿನಲ್ಲಿ ಒಂದು ಪಿಸ್ತೂಲು ಸಿಕ್ಕಿತ್ತು. ಅಷ್ಟೇ ಅಪರಾಧ. "ಸಾರ್, ಪಿಸ್ತೂಲು ಸಂತೆಯ ಸೊಪ್ಪಿನಂತೆ ಸಿಗುವ ಈ ದೇಶದಲ್ಲಿ ಒಬ್ಬನು ಅದನ್ನು ಇಟ್ಟುಕೊಂಡದ್ದಕ್ಕೆ ಹತ್ತಾರು ವರ್ಷ ಜೈಲಿಗೆ ಹೋಗಬಹುದಂತೆ. ನಮ್ಮ ಕಡೆಯೂ ಇಂಥ ಕಾನೂನು ಇದೆಯೇ?" ಎಂದು ಕೇಳಿದ್ದಾನೆ.

ಇದೆ ಎಂದು ಎರಡು ಸಾಲಿನ ಉತ್ತರ ಬರೆದು ಮುಗಿಸಬಹುದಿತ್ತು. ಬರೆಯಲು ಕುಳಿತೆ, ಆಗಲಿಲ್ಲ. ಈ ಪ್ರಶ್ನೆ ನನ್ನನ್ನು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಹಳ್ಳಿಗೆ, ಅಲ್ಲಿನ ಒಂದು ಹೆಂಚಿನ ಮನೆಯ ಅಟ್ಟಕ್ಕೆ, ಅಲ್ಲಿಂದ ನನ್ನದೇ ಮೇಜಿನ ಖಾನೆಗೆ ಎಳೆದುಕೊಂಡು ಹೋಯಿತು. ಈ ಸಂಗತಿಯನ್ನು ನನ್ನ ಮನೆಯವರಿಗೂ ಪೂರ್ತಿಯಾಗಿ ಹೇಳಿರಲಿಲ್ಲ. ಇಂದು ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ. ಊರಿನ ಹೆಸರನ್ನೂ ಆ ಹುಡುಗನ ಹೆಸರನ್ನೂ ಬಿಟ್ಟಿದ್ದೇನೆ. ಆ ಶಾಲೆಯಲ್ಲಿ ನನ್ನ ಬಳಿ ಓದಿದವರಿಗೆ ಯಾರೆಂದು ಗೊತ್ತಾಗಬಹುದು. ಗೊತ್ತಾದರೆ ದಯವಿಟ್ಟು ಮನಸ್ಸಿನಲ್ಲೇ ಇಟ್ಟುಕೊಳ್ಳಿ.

ಆ ಭಾಗ ನಿಮ್ಮಲ್ಲಿ ಹಲವರಿಗೆ ತಿಳಿದದ್ದೇ. ಒಂದು ಕಡೆ ಕಬಿನಿಯ ಹಿನ್ನೀರು, ಇನ್ನೊಂದು ಕಡೆ ನಾಗರಹೊಳೆಯ ಕಾಡು, ನಡುವೆ ಹತ್ತಿ, ರಾಗಿ, ಹೊಗೆಸೊಪ್ಪು, ಮುಸುಕಿನ ಜೋಳ. ಆನೆ ಬಂದರೆ ಊರೆಲ್ಲ ಸೇರಿ ತಮಟೆ ಬಡಿದು ಓಡಿಸುತ್ತಿದ್ದರು. ಆದರೆ ರೈತನ ನಿತ್ಯದ ಶತ್ರು ಆನೆಯಲ್ಲ, ಹಂದಿ. ತೆನೆ ಹಾಲುಗಟ್ಟುವ ಹೊತ್ತಿಗೆ ಒಂದು ಹಿಂಡು ನುಗ್ಗಿದರೆ ಬೆಳಗಾಗುವಷ್ಟರಲ್ಲಿ ಅರ್ಧ ಎಕರೆ ಮಣ್ಣುಪಾಲು. ಮಳೆಗಾಲ ಮುಗಿಯುತ್ತಿದ್ದಂತೆ ನನ್ನ ತರಗತಿಯ ಹಿಂದಿನ ಬೆಂಚಿನ ಹುಡುಗರು ಕೆಂಪು ಕಣ್ಣು ಮಾಡಿಕೊಂಡು ಬಂದು ತೂಕಡಿಸುತ್ತಿದ್ದರು. ಮೊದಲ ವರ್ಷ ನಾನು ಗದರಿಸಿದೆ. ರಾತ್ರಿಯೆಲ್ಲ ಮರದ ಮೇಲಿನ ಅಟ್ಟಣೆಯಲ್ಲಿ ಕಾವಲು ಕೂತು ಬಂದಿರುತ್ತಾರೆಂದು ತಿಳಿದ ಮೇಲೆ ಮೊದಲ ಪಾಠದಲ್ಲಿ ಅವರಿಗೆ ಪ್ರಶ್ನೆ ಕೇಳುವುದನ್ನು ಬಿಟ್ಟೆ.

ಈ ಹುಡುಗ ಅಂಥವರಲ್ಲೊಬ್ಬ. ಲೆಕ್ಕದಲ್ಲಿ ಚುರುಕು, ವ್ಯಾಕರಣದಲ್ಲಿ ಸೊನ್ನೆ, ಮುಂಗೋಪಿ. ಅವನ ತಂದೆಯ ಬಳಿ ಒಂದು ಕೇಪಿನ ಕೋವಿ ಇತ್ತು. ಒಂಟಿನಳಿಗೆ, ಬಾಯಿಯ ಕಡೆಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಸೀಸ ಹಾಕಿ, ಹಿಂದೆ ಕೇಪು ಇಟ್ಟು ಕುದುರೆ ಎಳೆಯಬೇಕು. ಒಂದು ಈಡು ಹೊಡೆದು ಇನ್ನೊಂದಕ್ಕೆ ಸಿದ್ಧವಾಗುವಷ್ಟರಲ್ಲಿ ಹಂದಿ ಪಕ್ಕದ ಊರು ಸೇರಿರುತ್ತದೆ. ಆ ಹಿರಿಯರು ಅದಕ್ಕೆ ಪರವಾನಗಿ ಹೊಂದಿದ್ದರು. ನಮ್ಮ 1959ರ ಆಯುಧ ಕಾಯ್ದೆಯಲ್ಲೇ ಬೆಳೆ ರಕ್ಷಣೆಗಾಗಿ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡುವ ಮಾತು ಸ್ಪಷ್ಟವಾಗಿದೆ. ಪರವಾನಗಿಯ ಪುಸ್ತಕವನ್ನು ಅವರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜಮೀನಿನ ಪತ್ರಗಳ ಜೊತೆ ಟ್ರಂಕಿನಲ್ಲಿಟ್ಟಿದ್ದರು. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಹೆಗಲಿಗೇರಿಸಿ ಠಾಣೆಗೆ ನಡೆದುಹೋಗಿ ಒಪ್ಪಿಸಿ, ಚೀಟಿ ಪಡೆದು, ಫಲಿತಾಂಶ ಬಂದ ಮೇಲೆ ಮರಳಿ ತರುತ್ತಿದ್ದರು. ವೋಟು ಹಾಕುವುದಕ್ಕಿಂತ ಕೋವಿ ಒಪ್ಪಿಸುವುದರಲ್ಲೇ ಅವರಿಗೆ ಚುನಾವಣೆಯ ಗಾಂಭೀರ್ಯ ಕಾಣುತ್ತಿತ್ತೆಂದು ತೋರುತ್ತದೆ.

ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಬೇಸಾಯಕ್ಕಿಳಿದ. ಕೆಲವು ವರ್ಷಗಳ ನಂತರ ಬದುವಿನ ಜಗಳ ಬಂತು. ಬದು ಎಂದರೆ ಒಂದು ಮೊಳ ಅಗಲದ ಮಣ್ಣು, ಅದರ ಮೇಲೆ ಎರಡು ಜಾಲಿ ಗಿಡ. ಮಾತಿಗೆ ಮಾತು ಬೆಳೆದು ಇವನು ಕೈಯಲ್ಲಿದ್ದ ಮಚ್ಚು ಬೀಸಿದ. ಪಕ್ಕದ ಹೊಲದವನು ತಡೆಯಲು ಬಲಗೈ ಎತ್ತಿದ. ಎರಡು ಬೆರಳುಗಳು ಹೋದವು. ಆ ಪಕ್ಕದ ಹೊಲದವನೂ ನನ್ನ ವಿದ್ಯಾರ್ಥಿಯೇ. ಇವನಿಗಿಂತ ಮೂರು ವರ್ಷ ದೊಡ್ಡವನು, ದುಂಡಾದ ಅಕ್ಷರ ಬರೆಯುತ್ತಿದ್ದವನು. ನಮ್ಮ ಶಾಲೆಯ ಗೋಡೆಯ ಮೇಲಿನ ಸುಭಾಷಿತಗಳೆಲ್ಲ ಅವನ ಕೈಬರಹದಲ್ಲಿದ್ದವು. ಈ ಭಾಗವನ್ನು ನಾನು ಬೇಗನೆ ದಾಟಿ ಹೋಗುವಂತಿಲ್ಲ. ಮುಂದಿನದನ್ನು ಓದಿ ಹುಡುಗನ ಮೇಲೆ ಕನಿಕರಪಡುವ ಮುನ್ನ ಆ ಎರಡು ಬೆರಳುಗಳು ನೆನಪಿನಲ್ಲಿರಬೇಕು.

ನ್ಯಾಯಾಲಯ ಒಂದು ವರ್ಷದ ಸೆರೆವಾಸ ವಿಧಿಸಿತು. 1997ರಲ್ಲಿ ಬಿಡುಗಡೆಯಾಗಿ ಊರಿಗೆ ಬಂದ. ಮೊದಲಿನ ಅಬ್ಬರವಿರಲಿಲ್ಲ. ಮದುವೆಯಾಯಿತು. 1999ರ ಫೆಬ್ರವರಿಯಲ್ಲಿ ಅವನ ತಂದೆ ತೀರಿಕೊಂಡರು.

ಈಗ ಕಾನೂನಿನ ಮಾತು. ಟೆಕ್ಸಾಸಿನ ಮಿತ್ರ ಕೇಳಿದ್ದು ಇದನ್ನೇ. ಪರವಾನಗಿ ಎಂಬುದು ಕೋವಿಗೆ ಅಂಟಿಕೊಂಡದ್ದಲ್ಲ, ವ್ಯಕ್ತಿಗೆ ಅಂಟಿಕೊಂಡದ್ದು. ವ್ಯಕ್ತಿ ಸತ್ತೊಡನೆ ಮನೆಯಲ್ಲಿ ಉಳಿದ ಆಯುಧವನ್ನು ವಾರಸುದಾರರು ತಡಮಾಡದೆ ಠಾಣೆಯಲ್ಲೋ ಪರವಾನಗಿಯುಳ್ಳ ಆಯುಧ ವ್ಯಾಪಾರಿಯಲ್ಲೋ ಒಪ್ಪಿಸಿ, ಬೇಕಿದ್ದರೆ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಿಕೊಳ್ಳಬೇಕು. ಹೊಲಮನೆಯಂತೆ ಅದು ತಾನಾಗಿ ಮಗನ ಪಾಲಿಗೆ ಬರುವುದಿಲ್ಲ. ಎರಡನೆಯದಾಗಿ, ಕಾಯ್ದೆಯ 9ನೆಯ ಕಲಮಿನ ಪ್ರಕಾರ ಹಿಂಸೆ ಅಥವಾ ನೈತಿಕ ಅಧಃಪತನವನ್ನು ಒಳಗೊಂಡ ಅಪರಾಧಕ್ಕಾಗಿ ಸೆರೆವಾಸದ ಶಿಕ್ಷೆಗೊಳಗಾದವನು, ಆ ಶಿಕ್ಷೆ ಮುಗಿದ ದಿನದಿಂದ ಐದು ವರ್ಷಗಳವರೆಗೆ ಯಾವ ಬಂದೂಕನ್ನೂ ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. ಶಾಂತಿಪಾಲನೆಗಾಗಿ ಅಥವಾ ಸನ್ನಡತೆಗಾಗಿ ಮುಚ್ಚಳಿಕೆ ಬರೆದುಕೊಟ್ಟವನಿಗೂ ಆ ಮುಚ್ಚಳಿಕೆಯ ಅವಧಿಯುದ್ದಕ್ಕೂ ಇದೇ ನಿಷೇಧ. ಮೀರಿದರೆ 25ನೆಯ ಕಲಮಿನಡಿ ಶಿಕ್ಷೆ. ಆಗ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷ. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದಕ್ಕೂ ಅಷ್ಟೇ ಇತ್ತು. 2019ರ ತಿದ್ದುಪಡಿಯ ನಂತರ ಅದು ಎರಡರಿಂದ ಐದು ವರ್ಷಕ್ಕೆ ಏರಿದೆ. ಆಯುಧ ಕಾಯ್ದೆಯಡಿಯೇ ಎರಡನೆಯ ಬಾರಿ ಅಪರಾಧಿಯಾದರೆ ಶಿಕ್ಷೆ ಇಮ್ಮಡಿ ಎಂದು 31ನೆಯ ಕಲಮು ಹೇಳುತ್ತದೆ. ಇದನ್ನೆಲ್ಲ ನಾನು ಆಮೇಲೆ ಓದಿಕೊಂಡದ್ದು. ಮೊದಲೇ ಓದಿದ್ದರೆ ಎಷ್ಟೋ ಒಳಿತಿತ್ತು.

ಆ ವರ್ಷದ ಯುಗಾದಿಯ ಮರುವಾರ ಹುಡುಗನ ತಾಯಿ ನನ್ನನ್ನು ಹುಡುಕಿಕೊಂಡು ಬಂದರು. ನಾನು ಆ ವೇಳೆಗೆ ಮೈಸೂರಿನಲ್ಲಿ ಮನೆ ಮಾಡಿದ್ದೆ. ಪ್ರತಿದಿನ ಬಸ್ಸಿನಲ್ಲಿ ಶಾಲೆಗೆ ಹೋಗಿ ಬರುತ್ತಿದ್ದೆ. ಸಂಜೆಯ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಸೆರಗಿನಿಂದ ಆ ಪ್ಲಾಸ್ಟಿಕ್ ಚೀಲವನ್ನು ತೆಗೆದು ನನ್ನ ಕೈಗಿಟ್ಟರು.

"ಮೇಷ್ಟ್ರೇ, ಅವರದ್ದು ಕೋವಿ ಪುಸ್ತಕ. ಕೋವಿನ ಸರ್ಕಾರಕ್ಕೆ ವಾಪಸ್ ಕೊಡ್ಬೇಕಂತೆ. ಮಗ ಠಾಣೆ ಮೆಟ್ಲು ಹತ್ತಾಕೆ ಹೆದರ್ತಾನೆ. ನೀವು ಒಂದು ಅರ್ಜಿ ಬರ್ಕೊಡಿ, ನಾನೇ ತಕ್ಕೊಂಡು ಹೋಯ್ತೀನಿ."

"ಆಗಲಿ ಕಣವ್ವ, ಬರೆದುಕೊಡ್ತೀನಿ" ಎಂದೆ. ಅದೇನು ದೊಡ್ಡ ಕೆಲಸವೇ? ಅರ್ಧ ಹಾಳೆಯ ಅರ್ಜಿ. ತರಗತಿಯಲ್ಲಿ 'ಅಧಿಕಾರಿಗಳಿಗೆ ಪತ್ರ' ಎಂಬ ಪಾಠವನ್ನು ಅದೆಷ್ಟು ವರ್ಷ ಮಾಡಿಲ್ಲ ನಾನು! ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ವಂದನೆಗಳೊಂದಿಗೆ. ಚೀಲವನ್ನು ಮನೆಗೆ ತಂದು ಮೇಜಿನ ಖಾನೆಯಲ್ಲಿಟ್ಟೆ. ಆಗ ಪರೀಕ್ಷೆಯ ಕಾಲ, ಮೌಲ್ಯಮಾಪನಕ್ಕೆ ಹೋದೆ. ಆಮೇಲೆ ಬೇಸಿಗೆ ರಜೆ, ತಂಗಿಯ ಮಗಳ ಮದುವೆ. ಜೂನ್‌ನಲ್ಲಿ ಶಾಲೆ ಮತ್ತೆ ತೆರೆಯಿತು, ದಾಖಲಾತಿ, ವೇಳಾಪಟ್ಟಿ. ತಾಯಿ ಎರಡು ಬಾರಿ ದಾರಿಯಲ್ಲಿ ಸಿಕ್ಕರು. ಕೇಳಲಿಲ್ಲ. ಮೇಷ್ಟ್ರಿಗೆ ಜ್ಞಾಪಿಸುವುದು ಅವರ ಪಾಲಿಗೆ ಉದ್ಧಟತನ. ನಾನು ಎರಡು ಬಾರಿಯೂ "ಈ ವಾರ ಆಗುತ್ತೆ" ಎಂದೆ.

ಆ ವರ್ಷ ಲೋಕಸಭೆಗೂ ನಮ್ಮ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆಯಿತು, ಸೆಪ್ಟೆಂಬರಿನಲ್ಲಿ. ಎಂದಿನಂತೆ ಪರವಾನಗಿದಾರರೆಲ್ಲರೂ ಆಯುಧ ಒಪ್ಪಿಸಬೇಕೆಂಬ ಆದೇಶ ಹೊರಟಿತು. ಆಗಸ್ಟಿನ ಒಂದು ಬೆಳಿಗ್ಗೆ ಪೊಲೀಸರು ದಾಖಲೆಪುಸ್ತಕ ಹಿಡಿದು ಇನ್ನೂ ಒಪ್ಪಿಸದವರ ಮನೆಗಳಿಗೆ ಹೊರಟರು. ಪಟ್ಟಿಯಲ್ಲಿ ಸತ್ತುಹೋದವರ ಹೆಸರಿತ್ತು. ಮನೆಯಲ್ಲಿ ಮಗನಿದ್ದ. ಅಟ್ಟದ ಮೇಲೆ ಕೋವಿ ಇತ್ತು, ಒಂದು ಡಬ್ಬಿಯಲ್ಲಿ ಮದ್ದು, ಬೆಂಕಿಪೆಟ್ಟಿಗೆಯೊಂದರಲ್ಲಿ ಏಳೆಂಟು ಕೇಪು. ಪುಸ್ತಕ ಎಲ್ಲಿ ಎಂದು ಕೇಳಿದರು. ಪುಸ್ತಕ ನನ್ನ ಮೇಜಿನ ಖಾನೆಯಲ್ಲಿತ್ತು.

ಬೇರೆ ಯಾರದ್ದಾದರೂ ಮನೆಯಾಗಿದ್ದರೆ ನಾಲ್ಕು ಬೈದು, ಕೋವಿಯನ್ನು ಠಾಣೆಗೆ ಸಾಗಿಸಿ, ಹೇಳಿಕೆ ಬರೆಸಿಕೊಂಡು ಬಿಡುತ್ತಿದ್ದರೋ ಏನೋ. ಆದರೆ ಆ ದಾಖಲೆಪುಸ್ತಕದ ಪಕ್ಕದಲ್ಲೇ ಇನ್ನೊಂದು ದಾಖಲೆಪುಸ್ತಕವಿರುತ್ತದೆಯಲ್ಲ. ಅದರಲ್ಲಿ ಇವನ ಹೆಸರಿತ್ತು. ಶಿಕ್ಷೆ ಮುಗಿದು ಎರಡೇ ವರ್ಷ. ಮಹಜರು ಬರೆದರು, ಕೋವಿ ಜಫ್ತಿಯಾಯಿತು, ಅವನನ್ನು ಜೀಪಿಗೆ ಹತ್ತಿಸಿದರು. ಪೊಲೀಸರು ಕಾನೂನಿಗೆ ವಿರುದ್ಧವಾಗಿ ಏನನ್ನೂ ಮಾಡಲಿಲ್ಲ. ಈ ಮಾತನ್ನು ನಾನು ಅಂದು ಒಪ್ಪಿರಲಿಲ್ಲ, ಇಂದು ಒಪ್ಪುತ್ತೇನೆ.

ಜಾಮೀನಿಗೆ ಪಹಣಿ ಇಟ್ಟು ನಿಲ್ಲುವವರು ಬೇಕು. ಒಮ್ಮೆ ಜೈಲಿಗೆ ಹೋಗಿ ಬಂದವನಿಗೆ ಎರಡನೆಯ ಬಾರಿ ಯಾರು ನಿಲ್ಲುತ್ತಾರೆ? ಅವನ ಸೋದರಮಾವ ಮನಸ್ಸು ಮಾಡುವಷ್ಟರಲ್ಲಿ ನಾಲ್ಕು ತಿಂಗಳು ಕಳೆದವು. ಆ ನಾಲ್ಕು ತಿಂಗಳು ಅವನಿದ್ದದ್ದು ನಮ್ಮ ಅಶೋಕ ರಸ್ತೆಯ ಕೇಂದ್ರ ಕಾರಾಗೃಹದಲ್ಲಿ. ನೀವೆಲ್ಲ ಅದರ ಗೋಡೆಯ ಪಕ್ಕ ಸಾವಿರ ಸಲ ಹಾದುಹೋಗಿರುತ್ತೀರಿ. ವೀರಪ್ಪನ್ ಪ್ರಕರಣಗಳಲ್ಲಿ ಟಾಡಾ ಕಾಯ್ದೆಯಡಿ ಹಿಡಿದು ತಂದ ಗಂಡಸರು ಹೆಂಗಸರು ವರ್ಷಗಟ್ಟಲೆ ವಿಚಾರಣೆಗಾಗಿ ಕಾದು ಕುಳಿತಿದ್ದುದೂ ಅಲ್ಲೇ. ಅವರಲ್ಲಿ ಬಹುಮಂದಿ 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ ನಿರ್ದೋಷಿಗಳೆಂದು ಬಿಡುಗಡೆಯಾದರು. "ಅವರ ಮುಂದೆ ನನ್ನದೇನು ಸಾರ್" ಎಂದು ಹುಡುಗ ನನಗೇ ಸಮಾಧಾನ ಹೇಳಿದ, ನಾನು ನೋಡಲು ಹೋದ ದಿನ. ನಾನು ಬಾಳೆಹಣ್ಣು ಒಯ್ದಿದ್ದೆ. ಪರವಾನಗಿ ಪುಸ್ತಕವನ್ನು ಆ ಹೊತ್ತಿಗೆ ವಕೀಲರಿಗೆ ತಲುಪಿಸಿದ್ದೆ. ಖಾನೆಯಲ್ಲಿ ಎಷ್ಟು ದಿನ ಇತ್ತೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ದಿನ ಅವನನ್ನು ಒಂದು ಪ್ರಶ್ನೆ ಕೇಳಿದೆ. "ಕೋವಿಯನ್ನು ಮುಟ್ಟಿದ್ದೆಯೇನೋ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಜೋಳಕ್ಕೆ ಹಂದಿ ಬಿದ್ದಿತ್ತು ಸಾರ್. ಎರಡು ರಾತ್ರಿ ಬರೀ ಮದ್ದಿನ ಈಡು ಹೊಡೆದೆ. ಸೀಸ ಹಾಕಲಿಲ್ಲ. ಸದ್ದಿಗೆ ಓಡಲಿ ಅಂತ."

ಆ ಸದ್ದಿಗೆ ಹಂದಿ ಓಡಿದವೋ ಇಲ್ಲವೋ. ಆದರೆ ಬದುವಿನಾಚೆಯ ಮನೆಯಲ್ಲಿ ಆ ಸದ್ದನ್ನು ಕೇಳಿಸಿಕೊಂಡವರಿದ್ದರು. ಅದು ನನಗೆ ತಿಳಿದದ್ದು ಮುಂದಿನ ಸಂಕ್ರಾಂತಿಯ ಸುಮಾರಿಗೆ. ಬೆರಳು ಕಳೆದುಕೊಂಡವನ ಹೆಂಡತಿ ಶಾಲೆಗೆ ಮಗುವನ್ನು ಸೇರಿಸಲು ಬಂದಿದ್ದಳು. ರುಜು ಹಾಕಿಸಿಕೊಂಡ ಮೇಲೆ ಹೊರಡದೆ ನಿಂತಳು. "ಮೇಷ್ಟ್ರೇ, ನೀವು ಅವರ ಕಡೆ ಸಾಕ್ಷಿ ಹೇಳ್ತೀರಂತೆ. ಹೇಳಿ, ನಿಮ್ಮಿಷ್ಟ. ಆದ್ರೆ ಆ ಎರಡು ರಾತ್ರಿ ನಮ್ಮನೇಲಿ ಯಾರೂ ನಿದ್ದೆ ಮಾಡ್ಲಿಲ್ಲ. ನಮ್ಮೆಜಮಾನ್ರು ಮಕ್ಕಳನ್ನ ಗೋಡೆ ಪಕ್ಕ ಮಲಗಿಸಿ ಬಾಗಿಲಿಗೆ ಒರಗಿಕೊಂಡು ಕೂತಿದ್ರು. ಸೀಸ ಹಾಕಿದಾನೋ ಇಲ್ವೋ ನಮಗೆ ಹೆಂಗೆ ಗೊತ್ತಾಗ್ಬೇಕು?"

ನನ್ನ ಬಳಿ ಉತ್ತರವಿರಲಿಲ್ಲ. 9ನೆಯ ಕಲಮು ಯಾರಿಗಾಗಿ ಬರೆದದ್ದು ಎಂಬುದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಆ ಹೆಣ್ಣುಮಗಳ ಆ ಒಂದು ಮಾತಿನಿಂದ. ಮಚ್ಚು ಬೀಸಿದ ಕೈಯಲ್ಲಿ ಐದು ವರ್ಷ ಕೋವಿ ಇರಬಾರದು ಎಂಬುದರಲ್ಲಿ ಅನ್ಯಾಯವೇನಿದೆ?

ಹಾಗಿದ್ದೂ ಮನಸ್ಸು ಒಪ್ಪದ ಒಂದು ಸಂಗತಿಯಿದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಶಾಲೆಯಲ್ಲಿ ಕೊಡಗಿನ ಸಹೋದ್ಯೋಗಿಯೊಬ್ಬರಿದ್ದರು, ವಿಜ್ಞಾನದ ಮೇಷ್ಟರು. ಒಮ್ಮೆ ಕೈಲ್ ಮುಹೂರ್ತಕ್ಕೆ ವಿರಾಜಪೇಟೆಯ ಕಡೆಯ ತಮ್ಮ ಐನ್‌ಮನೆಗೆ ನನ್ನನ್ನು ಕರೆದೊಯ್ದರು. ದೇವರ ಕೋಣೆಯ ಮುಂದೆ ಕತ್ತಿ, ಒಡಿಕತ್ತಿ, ಮೂರು ನಾಲ್ಕು ಕೋವಿಗಳು ಸಾಲಾಗಿ. ಕೋವಿಯ ತುದಿಗೆ ತೋಕ್‌ಪೂ, ಅಂದರೆ ಕೋವಿ ಹೂವು, ನಾವು ಅಗ್ನಿಶಿಖೆ ಎನ್ನುವ ಕೆಂಪು ಹಳದಿಯ ಹೂವು. ಚಂದನ, ಕುಂಕುಮ, ಪೂಜೆ. ಮಗು ಹುಟ್ಟಿದರೆ ಅಲ್ಲಿ ಒಂದು ಈಡು, ಮನೆಯವರು ತೀರಿಕೊಂಡರೆ ಎರಡು. ಅವರಿಗೆ ಪರವಾನಗಿಯ ಅಗತ್ಯವಿಲ್ಲ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣದ ಕಾನೂನಿನಿಂದ ಹೊರಗಿಟ್ಟ. ಸ್ವಾತಂತ್ರ್ಯಾನಂತರವೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1963ರ ಅಧಿಸೂಚನೆಯ ಮೂಲಕ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ. ಇದು ಸಮಾನತೆಗೆ ವಿರುದ್ಧ ಎಂದು ಸಲ್ಲಿಸಿದ ಅರ್ಜಿಯನ್ನು ನಮ್ಮ ಉಚ್ಚ ನ್ಯಾಯಾಲಯ 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು.

ನನಗೆ ಆ ಹಬ್ಬದ ಮೇಲೆ ಅಸೂಯೆಯಿಲ್ಲ. ಅದೆಷ್ಟು ಶಿಸ್ತು, ಅದೆಷ್ಟು ಗೌರವ ಆ ಮನೆಯವರಿಗೆ ಆಯುಧದ ಬಗ್ಗೆ! ಕೋವಿಯ ಬಾಯಿ ಎಂದೂ ಮನುಷ್ಯನ ಕಡೆ ತಿರುಗಬಾರದೆಂದು ಎಂಟು ವರ್ಷದ ಮೊಮ್ಮಗನಿಗೆ ಅಜ್ಜ ಹೇಳಿಕೊಡುತ್ತಿದ್ದುದನ್ನು ನಾನೇ ನೋಡಿದೆ. ಆದರೆ ನಾಗರಹೊಳೆ ಒಂದೇ ಕಾಡು. ಪಶ್ಚಿಮದ ಅಂಚಿನಲ್ಲಿ ನುಗ್ಗುವ ಹಂದಿಯೂ ಪೂರ್ವದ ಅಂಚಿನಲ್ಲಿ ನುಗ್ಗುವ ಹಂದಿಯೂ ಒಂದೇ ತಾಯಿಯ ಮಕ್ಕಳಿರಬಹುದು. ಪಶ್ಚಿಮದ ಮನೆಯಲ್ಲಿ ಕೋವಿ ತಂದೆಯಿಂದ ಮಗನಿಗೆ ಬಂದರೆ ಅದು ಪರಂಪರೆ. ಪೂರ್ವದ ಮನೆಯಲ್ಲಿ ಬಂದರೆ 25ನೆಯ ಕಲಮು. ಬ್ರಿಟಿಷರಿಗೆ ಯಾರ ಮೇಲೆ ನಂಬಿಕೆ ಇತ್ತು, ಯಾರ ಮೇಲೆ ಇರಲಿಲ್ಲ ಎಂಬ ಲೆಕ್ಕ ನಮ್ಮ ಹಳ್ಳಿಯ ಅಟ್ಟದವರೆಗೂ ಬಂದಿದೆ. ಸಹೋದ್ಯೋಗಿಗೆ ಈ ಮಾತು ಹೇಳಿದಾಗ ಅವರು ನಕ್ಕು, "ನಿಮ್ಮ ಹುಡುಗ ಮಚ್ಚು ಬೀಸದೆ ಇದ್ದಿದ್ದರೆ ಕಲಮು ಅಷ್ಟು ದೂರ ಬರುತ್ತಿರಲಿಲ್ಲ ಬಿಡಿ" ಎಂದರು. ಅದೂ ನಿಜ.

ಮೊಕದ್ದಮೆ ಮೂರು ವರ್ಷ ನಡೆಯಿತು. 2002ರಲ್ಲಿ ನಾನು ಪ್ರತಿವಾದಿಯ ಕಡೆಯ ಸಾಕ್ಷಿಯಾಗಿ ಕಟಕಟೆಯಲ್ಲಿ ನಿಂತೆ. ಮೂರು ದಶಕ ಕರಿಹಲಗೆಯ ಮುಂದೆ ನಿಂತವನಿಗೆ ಅಂದು ಕಾಲು ನಡುಗಿತು. ವಕೀಲರು ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿದೆ: ಕೋವಿ ತಂದೆಯದು, ಪುಸ್ತಕ ತಂದೆಯದು, ಒಪ್ಪಿಸಲು ಅರ್ಜಿ ಬರೆಯುವಂತೆ ತಾಯಿ ನನಗೆ ಕೊಟ್ಟದ್ದು ನಿಜ. ಆಮೇಲೆ ಸರ್ಕಾರಿ ಅಭಿಯೋಜಕರು ಪಾಟೀಸವಾಲಿಗೆ ಎದ್ದರು.

"ಪುಸ್ತಕ ಯಾವಾಗ ಕೊಟ್ಟರು?"

"ಯುಗಾದಿಯ ಮರುವಾರ."

"ಕೋವಿ ಸಿಕ್ಕಿದ್ದು ಆಗಸ್ಟಿನಲ್ಲಿ. ನೀವು ಅರ್ಜಿ ಬರೆದಿದ್ದಿರಾ?"

"ಇಲ್ಲ."

"ಯಾಕೆ?"

"ಬಿಡುವಾಗಲಿಲ್ಲ."

ನ್ಯಾಯಾಧೀಶರು ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದರು. ಅವರು ಏನೂ ಹೇಳಲಿಲ್ಲ. ಅಭಿಯೋಜಕರು ಕೊನೆಗೆ ಕೇಳಿದರು: ಆಪಾದಿತನಿಗೆ ಕೋವಿ ಒಪ್ಪಿಸುವ ಮನಸ್ಸಿದ್ದರೆ ಅರ್ಜಿ ಇಲ್ಲದೆಯೂ ಒಪ್ಪಿಸಬಹುದಿತ್ತಲ್ಲವೇ? ಮದ್ದನ್ನೂ ಕೇಪನ್ನೂ ಏಕೆ ಇಟ್ಟುಕೊಂಡಿದ್ದ? ಅದು ನನಗೆ ತಿಳಿಯದು ಎಂದೆ. ತಿಳಿದಿತ್ತು. ಪ್ರಮಾಣ ಮಾಡಿ ಆಡಿದ ಆ ಒಂದು ಸುಳ್ಳು ಇಂದಿಗೂ ನನ್ನ ಹೆಸರಿನಲ್ಲೇ ಇದೆ.

ವಿಶೇಷ ಕಾರಣಗಳಿದ್ದರೆ ಅವನ್ನು ದಾಖಲಿಸಿ ಕನಿಷ್ಠಕ್ಕಿಂತ ಕಡಿಮೆ ಶಿಕ್ಷೆ ಕೊಡಲು ಕಾಯ್ದೆಯಲ್ಲಿ ಅವಕಾಶವಿತ್ತು. ನಮ್ಮ ವಕೀಲರು ಅದನ್ನೇ ಬೇಡಿಕೊಂಡರು. ಹಿಂದಿನ ಶಿಕ್ಷೆಯ ಕಾರಣ ಅದು ಸಾಧ್ಯವಿಲ್ಲವೆಂದು ತೀರ್ಪಾಯಿತು. ಕೋವಿ ತಂದೆಯದೆಂಬುದು ಪುಸ್ತಕದಿಂದ ರುಜುವಾತಾದ್ದರಿಂದ ಕನಿಷ್ಠ ಶಿಕ್ಷೆಯಾದ ಒಂದು ವರ್ಷಕ್ಕೆ ನಿಲ್ಲಿಸಿದರು. ಕೋವಿ ಸರ್ಕಾರಕ್ಕೆ ಮುಟ್ಟುಗೋಲು. ಮೇಲ್ಮನವಿಯೂ ಬಿದ್ದುಹೋಯಿತು. ಮೊದಲು ಕಳೆದ ನಾಲ್ಕು ತಿಂಗಳನ್ನು ವಜಾ ಮಾಡಿ, 2003ರ ಜೂನ್‌ನಲ್ಲಿ ಉಳಿದ ಎಂಟು ತಿಂಗಳಿಗೆ ಮತ್ತೆ ಅಶೋಕ ರಸ್ತೆಗೆ ಹೋದ.

ತೀರ್ಪಿನ ದಿನ ನ್ಯಾಯಾಲಯದ ಹೊರಗೆ ಹೊಂಗೆಮರದ ಕೆಳಗೆ ಅವನ ತಾಯಿ ನನಗೆ ಕೈಮುಗಿದರು. "ನಮ್ಮಂಥವರಿಗೋಸ್ಕರ ಕಟಕಟೆ ಹತ್ತಿದ್ರಲ್ಲ ಮೇಷ್ಟ್ರೇ, ನಿಮ್ಮ ಪುಣ್ಯ ದೊಡ್ಡದು" ಎಂದರು. ಒಳಗೆ ನಡೆದ ಪ್ರಶ್ನೋತ್ತರ ಅವರಿಗೆ ಕೇಳಿಸಿರಲಿಲ್ಲವೋ, ಕೇಳಿಸಿಯೂ ಹಾಗೆಂದರೋ ನನಗೆ ಗೊತ್ತಿಲ್ಲ. ನಾನು ಅಲ್ಲಿಯೇ ತಪ್ಪೊಪ್ಪಿಕೊಳ್ಳಬೇಕಿತ್ತು. ಬಸ್ಸಿಗೆ ಹೊತ್ತಾಯಿತೆಂದು ಹೊರಟೆ.

ಆ ಎಂಟು ತಿಂಗಳಲ್ಲಿ ಮೂರು ಬಾರಿ ಹೋಗಿ ನೋಡಿದೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಬಂದಿಗಳಿಂದ ನಾಟಕ ಆಡಿಸುತ್ತಿದ್ದುದನ್ನು ಪತ್ರಿಕೆಯಲ್ಲಿ ಓದಿದ್ದೆ. ನೀನೂ ಸೇರಿಕೊಳ್ಳೋ ಎಂದೆ. "ಮಾತು ಕಂಠಪಾಠ ಆಗಲ್ಲ ಸಾರ್, ನಿಮಗೇ ಗೊತ್ತಲ್ಲ" ಎಂದು ನಕ್ಕ. ಅವನು ತೋಟದ ಕೆಲಸ ಮಾಡುತ್ತಿದ್ದ. ದಸರಾ ಮುಗಿದ ವಾರ ಹೋದಾಗ ಹೇಳಿದ ಮಾತು ನನಗೆ ಪ್ರತಿವರ್ಷ ವಿಜಯದಶಮಿಯಂದು ನೆನಪಾಗುತ್ತದೆ. "ಜಂಬೂಸವಾರಿ ದಿನ ಅರಮನೆ ತೋಪಿನ ಸದ್ದು ಒಳಗೂ ಕೇಳಿಸ್ತು ಸಾರ್. ಎಣಿಸಿದೆ. ಇಪ್ಪತ್ತೊಂದು. ಅಷ್ಟು ಮದ್ದು ಅಪ್ಪನ ಕೋವಿಗೆ ಜೀವಮಾನಕ್ಕಾಗೋದು."

ಅಂದಿನ ದಿನಗಳಲ್ಲಿ ನಟ ಸಂಜಯ್ ದತ್ತರ ಪ್ರಕರಣ ಎಲ್ಲರ ಬಾಯಲ್ಲಿತ್ತು. ದೊಡ್ಡವರಾದರೆ ಎ.ಕೆ. ಬಂದೂಕು ಇಟ್ಟುಕೊಂಡರೂ ಹೊರಗಿರುತ್ತಾರೆ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಆದರೆ ಅದೇ ಆಯುಧ ಕಾಯ್ದೆಯಡಿ 2007ರಲ್ಲಿ ಅವರಿಗೂ ಆರು ವರ್ಷ ಶಿಕ್ಷೆಯಾಯಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಐದಕ್ಕೆ ಇಳಿಸಿ ಎತ್ತಿಹಿಡಿಯಿತು. 2016ರ ಫೆಬ್ರವರಿಯಲ್ಲಿ ಯರವಡಾ ಜೈಲಿನಿಂದ ಹೊರಬಂದರು. ನಡುನಡುವೆ ಅವರಿಗೆ ಸಿಕ್ಕ ರಜೆಗಳ ಲೆಕ್ಕ ಬೇರೆ. ನಮ್ಮ ಹುಡುಗನಿಗೆ ಒಂದು ದಿನದ ರಜೆಯೂ ಸಿಗಲಿಲ್ಲ.

ಟೆಕ್ಸಾಸಿನ ಮಿತ್ರನಿಗೆ ಉತ್ತರ ಬರೆಯುವ ಮುನ್ನ ಅವರ ಕಾನೂನನ್ನೂ ಸ್ವಲ್ಪ ಓದಿದೆ. ಒಂದು ವರ್ಷಕ್ಕಿಂತ ಹೆಚ್ಚಿನ ಸೆರೆವಾಸ ವಿಧಿಸಬಹುದಾದ ಯಾವುದೇ ಅಪರಾಧಕ್ಕೆ ಒಮ್ಮೆ ದೋಷಿಯಾದವನು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂಬುದು ಅವರ 1968ರ ಕೇಂದ್ರ ಕಾಯ್ದೆ. ನಮ್ಮಲ್ಲಿರುವಂತೆ ಐದು ವರ್ಷದ ಗಡುವಿಲ್ಲ. ಸಾಮಾನ್ಯವಾಗಿ ಜೀವಮಾನದ ನಿಷೇಧ. ಮೀರಿದವನಿಗೆ ಗರಿಷ್ಠ ಹತ್ತು ವರ್ಷವಿತ್ತು, 2022ರಲ್ಲಿ ಹದಿನೈದಕ್ಕೆ ಏರಿಸಿದ್ದಾರೆ. ಹಿಂದೆ ಮೂರು ಬಾರಿ ಹಿಂಸೆಯ ಅಥವಾ ಮಾದಕದ್ರವ್ಯದ ಗಂಭೀರ ಅಪರಾಧಗಳಲ್ಲಿ ಶಿಕ್ಷೆಯಾಗಿದ್ದರೆ ಹದಿನೈದೇ ಕನಿಷ್ಠ. ಇಷ್ಟು ಕಠಿಣವಾದ ಆ ಕಾನೂನಿನಲ್ಲಿ ಒಂದು ಸಣ್ಣ ವಿನಾಯಿತಿ ಕಂಡು ನನಗೆ ಆಶ್ಚರ್ಯವಾಯಿತು. 1898 ಅಥವಾ ಅದಕ್ಕೂ ಹಿಂದೆ ತಯಾರಾದ ಬಂದೂಕುಗಳನ್ನೂ, ಕರಿಮದ್ದನ್ನು ಬಾಯಿಯಿಂದ ತುಂಬುವಂಥವನ್ನೂ ಅಲ್ಲಿನ ಕೇಂದ್ರ ಕಾಯ್ದೆ ಬಂದೂಕು ಎಂದೇ ಎಣಿಸುವುದಿಲ್ಲ. ಅಂದರೆ ನಮ್ಮ ಹುಡುಗನ ಅಟ್ಟದ ಮೇಲಿದ್ದದ್ದು ಆ ಕಾಯ್ದೆಯ ಕಣ್ಣಿಗೆ ಬಂದೂಕೇ ಅಲ್ಲ! ಬೇಲಿಯಾಚೆಯ ಹೆಣ್ಣುಮಗಳು ಇದಕ್ಕೆ ಏನೆನ್ನುತ್ತಿದ್ದಳೋ.

ಹುಡುಗನಿಗೆ ಈಗ ಐವತ್ತು ದಾಟಿದೆ. ಹೊಲದ ಸುತ್ತ ಸೋಲಾರ್ ಬೇಲಿ ಹಾಕಿಸಿದ್ದಾನೆ, ಶುಂಠಿ ಬೆಳೆಯುತ್ತಾನೆ. ಎರಡನೆಯ ಶಿಕ್ಷೆಯ ಮೇಲೆ ಐದು ವರ್ಷ ಕಳೆದು ಎಷ್ಟೋ ಕಾಲವಾಯಿತು. ಕಾಗದದ ಮೇಲೆ ಅವನು ಪರವಾನಗಿಗೆ ಅರ್ಜಿ ಹಾಕಲು ಅಡ್ಡಿಯಿಲ್ಲ. ಹಾಕಿಲ್ಲ. ಚುನಾವಣೆ ಬಂದಾಗ ಪೊಲೀಸರು ಕರೆಸಿ ಮುಚ್ಚಳಿಕೆ ಬರೆಸಿಕೊಳ್ಳುತ್ತಾರಂತೆ. ತಂದೆ ಕೋವಿ ಹೊತ್ತು ನಡೆದ ದಾರಿಯಲ್ಲಿ ಮಗ ಬರಿಗೈಯಲ್ಲಿ ಹೋಗಿ ರುಜು ಹಾಕಿ ಬರುತ್ತಾನೆ. ಬದುವಿನಾಚೆಯವನೊಡನೆ ಮಾತಿಲ್ಲ, ಆದರೆ ಸೋಲಾರ್ ಬೇಲಿಯನ್ನು ಇಬ್ಬರ ಹೊಲಕ್ಕೂ ಸೇರಿಸಿ ಹಾಕಿಸಿದ್ದಾರೆ. ಖರ್ಚು ಅರ್ಧರ್ಧ. ಲೆಕ್ಕವನ್ನೆಲ್ಲ ಅವರ ಮಕ್ಕಳು ಮಾತಾಡಿಕೊಂಡರಂತೆ.

ತಾಯಿ ಹೋದ ಮಾಗಿಯಲ್ಲಿ ತೀರಿಕೊಂಡರು. ಹನ್ನೊಂದನೆಯ ದಿನಕ್ಕೆ ಹೋಗಿದ್ದೆ. ಊಟವಾದ ಮೇಲೆ ಅವನನ್ನು ಹಿತ್ತಿಲಿಗೆ ಕರೆದು, ಪುಸ್ತಕ ಐದು ತಿಂಗಳು ನನ್ನ ಖಾನೆಯಲ್ಲಿತ್ತು, ನಾನು ಬರೆದುಕೊಡಲಿಲ್ಲ, ಕ್ಷಮಿಸು ಎಂದೆ. ಇಪ್ಪತ್ತು ವರ್ಷ ಮೀರಿ ಹೊತ್ತಿದ್ದ ಮಾತು.

ಅವನು ನೆಲ ನೋಡುತ್ತ ನಿಂತಿದ್ದ. "ಗೊತ್ತಿತ್ತು ಸಾರ್. ಅವತ್ತು ಕೋರ್ಟಲ್ಲಿ ನಾನೂ ಇದ್ನಲ್ಲ" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಅವ್ವಂಗೆ ಮಾತ್ರ ಹೇಳಿರ್ಲಿಲ್ಲ" ಎಂದ. ಆಮೇಲೆ ಒಳಗೆ ಹೋಗಿ ನನ್ನ ಚೀಲಕ್ಕೆ ಎರಡು ಸೇರು ಅವರೆಕಾಯಿ ತುಂಬಿ ತಂದ. ಬಸ್ಸು ಬರುವವರೆಗೂ ನನ್ನ ಜೊತೆ ನಿಂತಿದ್ದ.